ಎರಡು ವರ್ಷದಿಂದ ಕ್ಯಾಮೆರಾ ಹಿಡಿಯುತ್ತಿದ್ದೇನೆ ಮೇಡಂ, ಕಾಲೇಜು ಬಿಡಲೇ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಜನರಲ್ ಸರ್ಜರಿಯಲ್ಲಿ ಎಂಎಸ್, ಆಮೇಲೆ ಸೀನಿಯರ್ ರೆಸಿಡೆನ್ಸಿ ಮುಗಿಸಿ, ಎರಡು ವರ್ಷದಿಂದ ಜಿಲ್ಲೆಯೊಂದರ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಪಾಠ ಮಾಡುವುದೆಂದರೆ ನನಗೆ ಪ್ರಾಣ. ಆದರೆ ದೊಡ್ಡ ಕೇಸ್‌ಗಳನ್ನೆಲ್ಲ ಯೂನಿಟ್ ಚೀಫ್ ಮಾಡುತ್ತಾರೆ. ಹರ್ನಿಯಾ, ಅಪೆಂಡಿಕ್ಸ್ ಪಿಜಿಗಳಿಗೆ (ಎಂಎಸ್ ಓದುತ್ತಿರುವವರಿಗೆ) ಹೋಗುತ್ತವೆ. ಪಿತ್ತಕೋಶದ ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್‌ನಲ್ಲಿ) ನಾನು ಕ್ಯಾಮೆರಾ ಹಿಡಿಯುತ್ತೇನೆ, ಅಷ್ಟೇ. ಹೆರಿಗೆ ರಜೆಯಿಂದ ಬಂದ ಮೇಲಂತೂ 'ಮಗು ಚಿಕ್ಕದು ಅಲ್ವಾ, ನಿಧಾನಕ್ಕೆ ಮಾಡುವಿರಂತೆ' ಎನ್ನುತ್ತಾರೆ. ರಿಸರ್ಚ್ ಮಾಡೋಣವೆಂದರೆ ಇಲ್ಲಿ ಲ್ಯಾಬ್ ಇಲ್ಲ, ದುಡ್ಡಿಲ್ಲ. ಇರುವುದು ಕರುಳು ತೂತಾಗಿ ರಾತ್ರಿ ಬರುವ ಕೇಸ್‌ಗಳು, ಕೀವಾದ ಹೊಲಿಗೆಗಳು. ಕಾರ್ಪೊರೇಟ್ ಆಸ್ಪತ್ರೆಯೊಂದು ಎರಡೂವರೆ ಪಟ್ಟು ಸಂಬಳಕ್ಕೆ ಕರೆಯುತ್ತಿದೆ. ಹೋಗಲೇ?

ಉತ್ತರ: ಡಾಕ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಂಬಳದ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಉಳಿದದ್ದೆಲ್ಲ ಓಟಿಯ, ಅಂದರೆ ಆಪರೇಷನ್ ಥಿಯೇಟರಿನ ವಿಷಯ. ಹಾಗಾಗಿ ನಾನೂ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಮನೆಯಲ್ಲಿ ಸಾಲವಿದ್ದು ದುಡ್ಡು ಬೇಕೇ ಬೇಕು ಅಂದರೆ ಹೋಗಿ. ಅದರಲ್ಲಿ ತಪ್ಪೇನೂ ಇಲ್ಲ.

ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ, ಚೆನ್ನಾಗಿ ಕೆಲಸ ಮಾಡಿದರೆ ಅವರೇ ಗಮನಿಸಿ ಕೇಸ್ ಕೊಡುತ್ತಾರೆ ಎಂದು ನಂಬಿದ್ದೆ. ಎರಡು ವರ್ಷ ಸುಮ್ನೆ ರಿಟ್ರ್ಯಾಕ್ಟರ್ (ಗಾಯವನ್ನು ಅಗಲಿಸಿ ಹಿಡಿಯುವ ಉಪಕರಣ) ಹಿಡಿದೆ. ಒಂದು ಸಂಜೆ ಓಟಿ ಸಿಸ್ಟರ್ ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟರು. ಅಸಿಸ್ಟೆಂಟ್ ಕಾಲಮ್ಮಿನಲ್ಲಿ ಪುಟಗಟ್ಟಲೆ ನನ್ನ ಹೆಸರು. ಪಿತ್ತಕೋಶದ ಆಪರೇಷನ್‌ಗಳಲ್ಲಿ ಸರ್ಜನ್ ಕಾಲಮ್ಮಿನಲ್ಲಿ ಒಂದು ಸಲವೂ ಇಲ್ಲ. ಆ ಲೆಕ್ಕ ನೋಡುವವರೆಗೂ ನನಗೆ ಅಸಮಾಧಾನ ಇತ್ತೇ ಹೊರತು, ಕೇಳಬೇಕು ಎಂಬ ಧೈರ್ಯ ಇರಲಿಲ್ಲ.

ನೀವೂ ಮೊದಲು ಆ ರಿಜಿಸ್ಟರ್ ತೆಗೆಯಿರಿ. ಕಳೆದ ಆರು ತಿಂಗಳಲ್ಲಿ ಯೂನಿಟ್‌ಗೆ ಬಂದ ಕೇಸ್ ಎಷ್ಟು, ನೀವೇ ಮಾಡಿದ್ದು ಎಷ್ಟು, ಅಸಿಸ್ಟ್ ಮಾಡಿದ್ದು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಚೀಫ್ ಹತ್ತಿರ 'ನನಗೂ ಕೇಸ್ ಕೊಡಿ ಸರ್' ಎಂದರೆ 'ಕೊಡೋಣ' ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ಇಂಥದ್ದು ಬೇಕು ಎಂದು ಕೇಳಿ. 'ಸರ್, ಮುಂದಿನ ಎರಡು ಲ್ಯಾಪ್ ಕೇಸ್‌ಗಳಲ್ಲಿ ಪಿತ್ತಕೋಶವನ್ನು ಲಿವರ್‌ನಿಂದ ಬಿಡಿಸುವ ಭಾಗ ನಾನು ಮಾಡುತ್ತೇನೆ, ನೀವು ಎದುರಿಗೆ ನಿಂತಿರಿ.' ಪಿತ್ತಕೋಶದ ನಾಳ, ರಕ್ತನಾಳ ಬಿಡಿಸಿ ಕ್ಲಿಪ್ ಹಾಕುವ ಭಾಗವನ್ನು ಮುಂದೆ ಕೇಳುವಿರಂತೆ. ಅಲ್ಲಿ ಎಡವಟ್ಟಾದರೆ ರೋಗಿ ಜೀವನಪೂರ್ತಿ ಅನುಭವಿಸಬೇಕು. ಅದನ್ನು ಬಿಟ್ಟುಕೊಡಲು ಚೀಫ್ ಹೆದರುವುದು ಸಹಜ. ಚಿಕ್ಕ ಭಾಗ ಕೇಳಿದರೆ ಇಲ್ಲ ಎನ್ನುವುದು ಅವರಿಗೂ ಕಷ್ಟ.

ಮಗುವಿನ ಮಾತು ಬಂದರೆ ಅಲ್ಲೇ ಉತ್ತರ ಕೊಡಿ. ಕೋಪ ಬೇಡ, ನಗುವೂ ಬೇಡ. 'ರಾತ್ರಿ ಡ್ಯೂಟಿ ಎಲ್ಲರಷ್ಟೇ ಮಾಡುತ್ತಿದ್ದೇನೆ ಸರ್, ಕೇಸೂ ಎಲ್ಲರಷ್ಟೇ ಕೊಡಿ' ಅಂದರೆ ಸಾಕು. ಅವರು ಪ್ರೀತಿಯಿಂದಲೇ ಹೇಳಿರಬಹುದು. ಆದರೂ ಆ ಪ್ರೀತಿಯಿಂದ ಹೋಗುತ್ತಿರುವುದು ನಿಮ್ಮ ಕೈಯ ಅಭ್ಯಾಸ.

ಪಿಜಿಗಳ ಜೊತೆ ಪೈಪೋಟಿ ಮಾತ್ರ ಬೇಡ. ಹರ್ನಿಯಾ ಅವರೇ ಮಾಡಲಿ, ನೀವು ಎದುರು ನಿಂತು ಹೇಳಿಕೊಡಿ. ಇಲ್ಲಿ ಹಿಡಿ, ಇಲ್ಲಿ ಬೇಡ, ಆ ನರ ನೋಡು ಎಂದು ಬಾಯಿಬಿಟ್ಟು ಹೇಳುವಾಗಲೇ ನಮಗೆ ಯಾವುದು ಸರಿಯಾಗಿ ಗೊತ್ತಿಲ್ಲ ಎಂದು ತಿಳಿಯುವುದು. ನನ್ನ ಕೈ ಪಳಗಿದ್ದು ಹಾಗೆ ಹೇಳಿಕೊಟ್ಟ ವರ್ಷಗಳಲ್ಲೇ. ಮನೆಯಲ್ಲಿ ರಟ್ಟಿನ ಡಬ್ಬಕ್ಕೆ ಒಂದು ಕ್ಯಾಮೆರಾ ಕೂರಿಸಿಕೊಂಡು ದಿನಕ್ಕೆ ಇಪ್ಪತ್ತು ನಿಮಿಷ ಗಂಟು ಹಾಕುವುದನ್ನೂ ಮಾಡಿ. ಮಗು ಮಲಗಿದ ಮೇಲೆ ಸಾಧ್ಯ.

ಈಗ 'ರಿಸರ್ಚ್‌ಗೆ ಇಲ್ಲೇನೂ ಇಲ್ಲ' ಎಂದಿರಲ್ಲ, ಆ ಮಾತಿಗೆ ಬರುತ್ತೇನೆ. ಅದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಕೀವಾದ ಹೊಲಿಗೆಗಳು ಎಂದು ನೀವೇ ಬರೆದಿದ್ದೀರಿ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಚೀತಾ ಎಂಬ ಅಧ್ಯಯನ ಕೇಳಿದ್ದೇ ಅದನ್ನು. ಹೊಟ್ಟೆಯ ಆಪರೇಷನ್ ಮುಗಿದು ಗಾಯ ಮುಚ್ಚುವ ಮುಂಚೆ ಎಲ್ಲರೂ ಗ್ಲೌಸ್ ಬದಲಿಸಿ, ಬೇರೆ ಸ್ಟೆರೈಲ್ ಉಪಕರಣ ತೆಗೆದುಕೊಂಡರೆ ಕೀವು ಕಡಿಮೆಯಾಗುತ್ತದೆಯೇ? ಭಾರತ, ನೈಜೀರಿಯಾ, ಘಾನಾ, ರುವಾಂಡಾ ಸೇರಿ 7 ದೇಶಗಳ 81 ಆಸ್ಪತ್ರೆ, 13,301 ರೋಗಿಗಳು. ಬದಲಿಸದೆ ಇದ್ದಲ್ಲಿ ಶೇ. 18.9 ಜನರಿಗೆ ಗಾಯದ ಸೋಂಕು, ಬದಲಿಸಿದಲ್ಲಿ ಶೇ. 16. ಇದು ಲ್ಯಾಬಿನಲ್ಲಿ ಹುಟ್ಟಿದ ಪ್ರಶ್ನೆಯಲ್ಲ, ನಿಮ್ಮಂಥ ವಾರ್ಡಿನ ಪ್ರಶ್ನೆ. ಓದಿದಾಗ ನನಗೆ ಹೊಟ್ಟೆಕಿಚ್ಚೇ ಆಯಿತು. ಎಷ್ಟು ಸಾವಿರ ಡ್ರೆಸ್ಸಿಂಗ್ ಬಿಚ್ಚಿದ್ದೇನೆ, ನನಗೆ ಯಾಕೆ ಇದು ಹೊಳೆಯಲಿಲ್ಲ!

ನೀವು ಅಷ್ಟು ದೊಡ್ಡದಕ್ಕೆ ಕೈ ಹಾಕಬೇಕಿಲ್ಲ. ಮೊದಲು ಎಥಿಕ್ಸ್ ಕಮಿಟಿಯ ಅನುಮತಿ ಪಡೆಯಿರಿ. ಆಮೇಲೆ ಮೂರು ತಿಂಗಳು, ನಿಮ್ಮ ಯೂನಿಟ್‌ನಲ್ಲಿ ಹೊಟ್ಟೆ ತೆರೆದ ಪ್ರತಿಯೊಬ್ಬ ರೋಗಿಯನ್ನೂ ಬರೆದಿಡಿ. 30ನೇ ದಿನ ಫೋನ್ ಮಾಡಿ ಗಾಯ ಹೇಗಿದೆ ಕೇಳಿ. ಊರಿಗೆ ಹೋದ ಮೇಲೆ ಏನಾಯಿತು ಎಂಬ ಮಾಹಿತಿ ನಮ್ಮ ಆಸ್ಪತ್ರೆಗಳಲ್ಲಿ ಸಿಗುವುದೇ ಅಪರೂಪ. ಪಿಜಿಯೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ, ಲೇಖನದಲ್ಲಿ ಅವರ ಹೆಸರನ್ನೂ ಹಾಕಿ.

ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮದ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ಆಗಲು ನಾಲ್ಕು ವರ್ಷದ ಅನುಭವ, ಎರಡು ಲೇಖನ, ಬೋಧನಾ ತರಬೇತಿ, ಬಯೋಮೆಡಿಕಲ್ ರಿಸರ್ಚ್‌ನ ಬೇಸಿಕ್ ಕೋರ್ಸ್ ಬೇಕು. ಆ ಕೋರ್ಸನ್ನು ಚೆನ್ನೈನಲ್ಲಿರುವ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ಸಂಸ್ಥೆ ಆನ್‌ಲೈನ್‌ನಲ್ಲೇ ನಡೆಸುತ್ತದೆ. ಈ ವರ್ಷವೇ ಮುಗಿಸಿಬಿಡಿ. ಬಡ್ತಿಗೋಸ್ಕರ ಅಂತಲ್ಲ. ನಿಮ್ಮ ಹಾಳೆಯಲ್ಲಿರುವ ಅಂಕಿಗಳನ್ನು ಹೇಗೆ ಓದಬೇಕೆಂದು ಅದು ಕಲಿಸುತ್ತದೆ.

ಕಾರ್ಪೊರೇಟ್ ಆಸ್ಪತ್ರೆಯವರನ್ನೂ ಒಂದು ಮಾತು ಕೇಳಿ. ಅಲ್ಲಿ ನೀವೇ ಮಾಡುವ ಕೇಸ್ ತಿಂಗಳಿಗೆ ಎಷ್ಟು? ಸೀನಿಯರ್ ಕನ್ಸಲ್ಟೆಂಟ್ ಹಿಂದೆ ನಿಂತು ಮತ್ತೆ ಕ್ಯಾಮೆರಾ ಹಿಡಿಯುವುದಾದರೆ ಹೋಗಿ ಏನು ಬಂತು? ಅಲ್ಲಿ ಡಿಎನ್‌ಬಿ (ಆಸ್ಪತ್ರೆಗಳಲ್ಲೇ ಕಲಿಯುವ ಸ್ನಾತಕೋತ್ತರ ಕೋರ್ಸ್) ವಿದ್ಯಾರ್ಥಿಗಳು ಇದ್ದಾರೆಯೇ ಎಂದೂ ಕೇಳಿ. ಇದ್ದರೆ ಪಾಠ ಪೂರ್ತಿ ಬಿಟ್ಟಂತಾಗುವುದಿಲ್ಲ.

ನನ್ನ ಸಲಹೆ, ಈಗಲೇ ಬಿಡಬೇಡಿ. ಆರು ತಿಂಗಳು ಕೊಡಿ. ಆಮೇಲೆ ಮತ್ತೆ ರಿಜಿಸ್ಟರ್ ನೋಡಿ. ಸರ್ಜನ್ ಕಾಲಮ್ಮಿನಲ್ಲಿ ನಿಮ್ಮ ಹೆಸರು ಬರದೆ ಇದ್ದರೆ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಬರೆದು ಬೇರೆ ಯೂನಿಟ್ ಕೇಳಿ. ಅದೂ ಆಗದಿದ್ದರೆ ಆ ಕಾಲೇಜು ಬಿಡಿ, ಹಿಂದೆ ತಿರುಗಿ ನೋಡಬೇಡಿ. ಕೈ ಕಲಿಯುವ ವಯಸ್ಸು ಇದೇ, ಅದನ್ನು ಯಾರ ಮುಲಾಜಿಗೂ ಕೊಡಬಾರದು.

ಚೀಫ್ ಜೊತೆಗಿನ ಮಾತು ಓಟಿ ದಿನ ಬೇಡ. ಶನಿವಾರ ರೌಂಡ್ಸ್ ಮುಗಿದ ಮೇಲೆ, ಅವರು ಕಾಫಿಗೆ ಕೂತಾಗ ಹೋಗಿ. ಹಾಳೆ ಕೈಯಲ್ಲಿರಲಿ. ಮುಂದಿನ ವಾರದ ಆಪರೇಷನ್ ಲಿಸ್ಟ್ ಆಗ ಇನ್ನೂ ಬರೆದಿರುವುದಿಲ್ಲ.