ನೈಲ್ ದಡದ ಹೊಲಕ್ಕೆ ಸವಳು ಏಕೆ ಹತ್ತಲಿಲ್ಲ?

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆದೂ ಬೆಳೆದೂ ನಮ್ಮ ತಗ್ಗಿನ ಎರೆ ಹೊಲಗಳು ಸವಳಾಗಿವೆ. ಸಾವಿರಾರು ವರ್ಷ ನೀರುಣಿಸಿಯೂ ಈಜಿಪ್ಟಿನವರು ಭೂಮಿ ಉಳಿಸಿಕೊಂಡದ್ದು ಹೇಗೆ? 12ನೇ ರಾಜವಂಶದ ಕಾಲ ಬಹಳ ಸಮೃದ್ಧವಾಗಿತ್ತಂತಲ್ಲ?
– ಓದುಗರು, ಸಿಂಧನೂರು

ಉತ್ತರ: ಹೌದು. ಕ್ರಿ.ಪೂ. 1985ರ ಸುಮಾರಿಗೆ ಶುರುವಾದ ಆ ವಂಶದಲ್ಲಿ ಮೂರನೇ ಅಮೆನೆಮ್ಹಾತ್‌ನ ಸುಮಾರು 45 ವರ್ಷದ ಆಳ್ವಿಕೆಯೇ ಏರುಗಾಲ. ಆದರೆ ಅವರದು ವರ್ಷವಿಡೀ ನೀರು ಹರಿಸುವ ಪದ್ಧತಿಯಲ್ಲ. ಹೊಳೆದಂಡೆಯ ಬಯಲಿಗೆ ಒಡ್ಡು ಕಟ್ಟಿ ದೊಡ್ಡ ದೊಡ್ಡ ಮಡಿ ಮಾಡುತ್ತಿದ್ದರು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ನೆರೆ ಏರಿದಾಗ ಒಂದರಿಂದ ಒಂದೂವರೆ ಮೀಟರ್ ನೀರು ತುಂಬಿಸಿ, 40-60 ದಿನ ನಿಲ್ಲಿಸಿ, ನದಿ ಇಳಿದೊಡನೆ ಒಡ್ಡು ಕಡಿದು ಹೊರಗೆ ಬಿಡುತ್ತಿದ್ದರು. ಹಸಿ ಮಣ್ಣಿಗೇ ಬಾರ್ಲಿ, ಗೋಧಿ (ನಮ್ಮ ಕಡೆಯ ಸದಕ ಗೋಧಿಯ ಜಾತಿ) ಬಿತ್ತನೆ. ಆಮೇಲೆ ಕೊಯ್ಲಿನ ತನಕ ನೀರಿಲ್ಲ. ವರ್ಷಕ್ಕೊಂದೇ ಬೆಳೆ.

ಗುಟ್ಟು ನೀರು ಕಟ್ಟುವುದರಲ್ಲಲ್ಲ, ಬಿಡುವುದರಲ್ಲಿ. ನಿಂತ ನೀರು ಇಂಗುತ್ತಾ ಉಪ್ಪನ್ನು ಕೆಳಕ್ಕೆ ತಳ್ಳುತ್ತಿತ್ತು. ಬೇಸಿಗೆಯಲ್ಲಿ ನದಿ ಹಲವು ಮೀಟರ್ ಇಳಿದಾಗ ಅಂತರ್ಜಲವೂ ಅದರ ಹಿಂದೆ ಇಳಿಯುತ್ತಿತ್ತು. ಬಿರುಕು ಬಿಟ್ಟ ನೆಲ ಮರುವರ್ಷದ ನೀರನ್ನು ಆಳಕ್ಕೆ ಎಳೆದುಕೊಳ್ಳುತ್ತಿತ್ತು. 19ನೇ ಶತಮಾನದಲ್ಲಿ ಅಲ್ಲೂ ವರ್ಷಪೂರ್ತಿ ಕಾಲುವೆ ನೀರು ಬಂತು. ಸವಳು ಹಿಂದೆಯೇ ಬಂತು.

ನೀರಿಗೆ ಹೊರದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೈಲ್‌ನ ಪಶ್ಚಿಮಕ್ಕಿರುವ ಫಾಯೂಮ್ ತಗ್ಗನ್ನು ನೋಡಿ. 12ನೇ ವಂಶದವರು ನೈಲ್ ಕವಲಿನಿಂದ ಲಾಹೂನ್ ಕಣಿವೆಯ ಮೂಲಕ ಅಲ್ಲಿಗೆ ಹೋಗುವ ನೀರನ್ನು ಹತೋಟಿಗೆ ತಂದು ಹೊಸ ಹೊಲ ಮಾಡಿದರು. ಅಲ್ಲಿನ ಕಾರೂನ್ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 45 ಮೀಟರ್ ಕೆಳಗಿದೆ, ನೀರಿಗೆ ಹೊರದಾರಿಯಿಲ್ಲ. ಇವತ್ತು ಅದು ಉಪ್ಪುನೀರಿನ ಕೆರೆ.

ಹಾಗಾಗಿ ನಿಮ್ಮ ಹೊಲಕ್ಕೆ ಮೊದಲು ಬಸಿಗಾಲುವೆ. ಅದಿಲ್ಲದೆ ನೀರು ಕಟ್ಟಿದರೆ ಅಂತರ್ಜಲ ಇನ್ನೂ ಮೇಲೇರುತ್ತದೆ. ಮಣ್ಣು ಪರೀಕ್ಷೆಯಲ್ಲಿ ಸೋಡಿಯಂ ಹೆಚ್ಚೆಂದು ಬಂದರಷ್ಟೇ ಜಿಪ್ಸಂ. ಅದೂ ಬಸಿಗಾಲುವೆ ಆದಮೇಲೆ. ಮೊದಲೇ ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಪ್ರಶ್ನೆ: ನೆರೆ ಹೆಚ್ಚಾದಷ್ಟೂ ಬೆಳೆ ಹೆಚ್ಚೇ?
– ಓದುಗರು, ಗಂಗಾವತಿ

ಉತ್ತರ: ಇಲ್ಲ. ಕಡಿಮೆಯಾದರೆ ಎತ್ತರದ ಮಡಿಗೆ ನೀರು ಹತ್ತದು. ಹೆಚ್ಚಾದರೆ ಒಡ್ಡು ಒಡೆಯುತ್ತದೆ, ನೀರು ತಡವಾಗಿ ಬಸಿಯುತ್ತದೆ, ಬಿತ್ತನೆ ಹಿಂದೆ ಬಿದ್ದು ಕಾಳು ಕಟ್ಟುವ ಹೊತ್ತಿಗೆ ಬಿಸಿಗಾಳಿ ಸಿಕ್ಕುತ್ತದೆ. ಅದಕ್ಕೇ ನೆರೆಮಟ್ಟದ ಮೇಲೆ ಅಷ್ಟು ನಿಗಾ. ಈಜಿಪ್ಟಿನ ದಕ್ಷಿಣಕ್ಕಿರುವ ನೂಬಿಯಾದ ಸೆಮ್ನಾದಲ್ಲಿ ಮೂರನೇ ಅಮೆನೆಮ್ಹಾತ್‌ನ ಅಧಿಕಾರಿಗಳು ಆಳ್ವಿಕೆಯ ವರ್ಷ ಸಮೇತ ನೆರೆಯ ಎತ್ತರವನ್ನು ಬಂಡೆಗೆ ಕೆತ್ತಿಸಿದ್ದಾರೆ. ಆ ಗುರುತುಗಳು 19ನೇ ಶತಮಾನದ ನೆರೆಮಟ್ಟಕ್ಕಿಂತ ಸರಾಸರಿ 7 ಮೀಟರ್ ಮೇಲಿವೆ. ಆದರೆ ಅದು ಇಕ್ಕಟ್ಟಾದ ಕಲ್ಲುಕಂದರ. ಕೆಳಗಿನ ಅಗಲ ಬಯಲಲ್ಲೂ ಅಷ್ಟೇ ನೀರು ನಿಂತಿತೆಂದು ಲೆಕ್ಕ ಹಾಕುವುದು ತಪ್ಪು.

ಪ್ರಶ್ನೆ: ಚಿತ್ರಗಳಲ್ಲಿ ಕಾಣುವ ಏತ ಆ ಕಾಲದ್ದೇ?
– ಓದುಗರು, ಕಂಪ್ಲಿ

ಉತ್ತರ: ಅಲ್ಲ. ಈಜಿಪ್ಟಿನ ಗೋರಿಚಿತ್ರಗಳಲ್ಲಿ ಏತ ಕಾಣಿಸುವುದು ಮುಂದೆ ಬಂದ ‘ಹೊಸ ಸಾಮ್ರಾಜ್ಯ’ವೆಂಬ ಕಾಲಘಟ್ಟದಲ್ಲಿ (ಸುಮಾರು ಕ್ರಿ.ಪೂ. 1550ರ ನಂತರ). ಅದಕ್ಕೂ ಮೊದಲು ತರಕಾರಿ ಮಡಿಗೆ ನೀರು ಹೋಗುತ್ತಿದ್ದದ್ದು ಹೆಗಲ ಮೇಲಿನ ಕಾವಡಿಯ ಎರಡು ಕೊಡಗಳಲ್ಲಿ.