ನಾಲ್ಕು ಗಂಟೆಯ ಲೆಕ್ಕ ಸರಿ, ದಿಕ್ಕು?

ಕುಂಬಳೆಯ ಅಡಿಕೆ ವ್ಯಾಪಾರಿಯೊಬ್ಬರ ಪತ್ರ: “ಕಾಸರಗೋಡಿನಿಂದ ತಿರುವನಂತಪುರಕ್ಕೆ ನಾಲ್ಕು ಗಂಟೆಯೊಳಗೆ ಮುಟ್ಟಿಸುವ ಸಿಲ್ವರ್‌ಲೈನ್ ರೈಲನ್ನು ನಿಮ್ಮಂಥವರು ಬರೆದು ಬರೆದು ಕೆಡಿಸಿದಿರಿ. ವಾರಕ್ಕೆರಡು ಸಲ ಮಂಗಳೂರಿಗೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಓಡಾಡುವ ನಾನು ಸಮಯದ ಬೆಲೆ ಬಲ್ಲೆ.”

ಮಾನ್ಯರೇ, ನಿಮ್ಮ ಅಕ್ಷರ ನೋಡಿದರೆ ಜಮಾಖರ್ಚು ಬರೆದು ಪಳಗಿದ ಕೈ ಎಂದು ತಿಳಿಯುತ್ತದೆ. ಅಂಥವರು ಈ ಲೆಕ್ಕದಲ್ಲಿ ಹೇಗೆ ಎಡವಿದಿರಿ?

ವೇಗದ ರೈಲೇ ದಂಡ ಎನ್ನುವವನು ನಾನಲ್ಲ. ಟೋಕಿಯೊದಿಂದ ಒಸಾಕಾಕ್ಕೆ 515 ಕಿ.ಮೀ.; 1964ರಿಂದಲೂ ಜಪಾನಿನ ವ್ಯಾಪಾರಸ್ಥರು ಅಂಥ ರೈಲಿನಲ್ಲಿ ಓಡಾಡುತ್ತಿದ್ದಾರೆ. ಮ್ಯಾಡ್ರಿಡ್‌–ಬಾರ್ಸಿಲೋನಾ ಮಾರ್ಗ 2008ರಲ್ಲಿ ತೆರೆದ ಮೇಲೆ ವಿಮಾನ ಬಿಟ್ಟು ರೈಲು ಹಿಡಿದವರು ಬಹಳ. ಒಪ್ಪಿದೆ. ಆದರೆ ಅಲ್ಲಿ ಎರಡು ತುದಿಯಲ್ಲೂ ವ್ಯವಹಾರವಿದೆ. ನಿಮ್ಮ ಚಾಲಿ ಅಡಿಕೆಯನ್ನು ತಿರುವನಂತಪುರದಲ್ಲಿ ಕೊಳ್ಳುವವರು ಯಾರು? ಅದು ಹೋಗುವುದು ಮಂಗಳೂರಿಗೆ, ಅಲ್ಲಿಂದ ಗುಜರಾತಿಗೆ. ನೀವೇ ಬರೆದ ಊರುಗಳ ಹೆಸರನ್ನು ಇನ್ನೊಮ್ಮೆ ಓದಿಕೊಳ್ಳಿ, ಒಂದಾದರೂ ದಕ್ಷಿಣಕ್ಕಿದೆಯೇ?

ಸುಮಾರು 530 ಕಿ.ಮೀ. ಉದ್ದದ, ಅಂದಾಜು 64 ಸಾವಿರ ಕೋಟಿ ರೂಪಾಯಿಯ ಆ ಯೋಜನೆಯ ಹಳಿಯ ಅಗಲ 1435 ಮಿ.ಮೀ. ನಮ್ಮ ಮಾಮೂಲು ಬ್ರಾಡ್‌ಗೇಜ್ 1676. ಹೀಗಾಗಿ ಗಾಡಿ ಕಾಸರಗೋಡು ದಾಟುವಂತೆಯೇ ಇರಲಿಲ್ಲ. ಮಂಗಳೂರು ಇನ್ನು 50 ಕಿ.ಮೀ. ಇರುವಾಗ ಇಳಿದು ಗಂಟುಮೂಟೆ ಹೊತ್ತು ಬೇರೆ ರೈಲು ಹುಡುಕಬೇಕಿತ್ತು. ಹಾಗೆ ನಿಲ್ಲುವ ರೈಲಿಗೆ ಯಾರ ತೋಟದಲ್ಲಿ ಸರ್ವೆಯ ಹಳದಿ ಕಲ್ಲು ನೆಡಬೇಕಿತ್ತು ಹೇಳಿ.

ತಿರುವನಂತಪುರದ ಕೆಲಸವೇ ಬಿದ್ದರೆ ರಾತ್ರಿಯ ರೈಲು ಮಾವೇಲಿ ಎಕ್ಸ್‌ಪ್ರೆಸ್ ಇದೆಯಲ್ಲ. ಹಿಂದೊಮ್ಮೆ ಅದರಲ್ಲಿ ನನ್ನ ಎದುರಿನ ಬರ್ತಿನವರೊಬ್ಬರು ಕಣ್ಣೂರು ಬರುವ ಮೊದಲೇ ಬುತ್ತಿ ಬಿಚ್ಚಿ ಉಂಡು, ಮುಸುಕೆಳೆದು ಮಲಗಿದರು. ಬೆಳಿಗ್ಗೆ ಇಳಿದು ಮುಖ ತೊಳೆದು ನೇರ ಕಚೇರಿಗೆ ಹೋದರು. ಆ ರಾತ್ರಿಯ ರೈಲಿನಲ್ಲೇ ವಾಪಸು. ಲಾಡ್ಜಿನ ಬಾಡಿಗೆ ಉಳಿಯಿತು, ವ್ಯಾಪಾರದ ಹಗಲು ಒಂದೇ ಹೋಯಿತು. ನಿದ್ದೆಯಲ್ಲಿ ಕಳೆದ ಗಂಟೆಗಳನ್ನು ನಷ್ಟದ ಪುಟದಲ್ಲಿ ಬರೆಯುವ ವ್ಯಾಪಾರಿಯನ್ನು ನಾನು ಕಂಡಿಲ್ಲ.

ವೇಗ ಬೇಕಾದದ್ದು ಬೆಂಗಳೂರಿನ ದಾರಿಗೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ 55 ಕಿ.ಮೀ., 57 ಸುರಂಗ. ಅಷ್ಟು ದಾರಿ ಸವೆಸಲು ಎರಡು ಗಂಟೆಗೂ ಮಿಕ್ಕಿ ಬೇಕು. ಅದಕ್ಕಾಗಿ ಒಂದು ಕಾರ್ಡನ್ನಾದರೂ ನೀವು ಬರೆದದ್ದು ನನಗೆ ನೆನಪಿಲ್ಲ. ಬೇಸರಿಸಬೇಡಿ, ನಮ್ಮಲ್ಲಿ ಯಾರೂ ಬರೆಯಲಿಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದವರು ಕಾಸರಗೋಡಿನ ನಮ್ಮನ್ನು ಕೇರಳಕ್ಕೆ ಸೇರಿಸಿ ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದರು; ಮಾರುಕಟ್ಟೆ, ಆಸ್ಪತ್ರೆ, ಮಕ್ಕಳ ಕಾಲೇಜು ಎಲ್ಲ ಉತ್ತರಕ್ಕೇ ಉಳಿದವು. ಈಗ ಬೆನ್ನ ಹಿಂದಿನ ಊರಿಗೆ ರೈಲು ಕೇಳಲು ನಮಗೇ ಸಂಕೋಚ.

ತಿರುವನಂತಪುರದ ಕಚೇರಿಯೊಂದಕ್ಕೆ ಕನ್ನಡದಲ್ಲಿ ಅರ್ಜಿ ಹಾಕಿದ್ದೆ. ಮಲಯಾಳದಲ್ಲಿ ಬರೆದು ಕಳುಹಿಸಿ ಎಂಬ ಒಕ್ಕಣೆಯೊಂದಿಗೆ ಐದು ತಿಂಗಳ ಮೇಲೆ ಮರಳಿತು. ಅದನ್ನು ಯಾವ ರೈಲಿಗೆ ಹಾಕಿದ್ದರೆ ಬೇಗ ಮುಟ್ಟುತ್ತಿತ್ತು?

ಮುಂದಿನ ಪತ್ರವನ್ನು ಬೆಳಗಿನ ಮಂಗಳೂರು ಗಾಡಿಯಲ್ಲಿ ಕುಳಿತೇ ಬರೆಯಿರಿ. ಸೀಟು ಸಿಕ್ಕರೆ.

— ಸಂಪಾದಕ