ಅಂಗಾಂಶ ಬೇಡ, ನೇಯ್ಗೆ ಅನ್ನಿ

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಪೆರ್ಲದ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ತಿರುಳು ಇಷ್ಟು:

“ಮಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಜೀವಶಾಸ್ತ್ರದಲ್ಲಿ ಜೀವಕೋಶ, ಅಂಗಾಂಶ, ಅನುಲೇಪಕ, ಸಂಯೋಜಕ ಅಂತ ರಾತ್ರಿ ಹತ್ತು ಗಂಟೆವರೆಗೆ ಉರು ಹೊಡೆಯುತ್ತಾನೆ. ಹಾಗಂದರೆ ಏನು ಮಗಾ ಅಂದರೆ ಗೊತ್ತಿಲ್ಲ ಅನ್ನುತ್ತಾನೆ. ನನಗೂ ಗೊತ್ತಿಲ್ಲ. ಮುಂದಿನ ವರ್ಷ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕೋಣ ಅಂತ ಮನೆಯವರು ಹೇಳುತ್ತಿದ್ದಾರೆ. ಕನ್ನಡದಲ್ಲಿ ವಿಜ್ಞಾನ ಕಲಿಸಿ ಮಕ್ಕಳಿಗೆ ಕಷ್ಟ ಕೊಡುವುದು ಯಾಕೆ? ನೀವು ಏನು ಹೇಳುತ್ತೀರಿ?”

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಸಿಟ್ಟಿನಲ್ಲಿ. ನಿಮ್ಮ ಮೇಲಲ್ಲ. ಇಲ್ಲ, ಸ್ವಲ್ಪ ನಿಮ್ಮ ಮೇಲೂ.

ನಿಮ್ಮ ಮನೆಯವರ ಮಾತಿನಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ಹುಡುಗ ಮುಂದೆ ಡಾಕ್ಟರ್ ಆಗಬೇಕೆಂದರೆ ಇಂಗ್ಲಿಷ್ ಪುಸ್ತಕ ಓದಲೇಬೇಕು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ, ಎಂಬಿಬಿಎಸ್ ಪಾಠ ಸಿಗುವುದಿಲ್ಲ. ಒಪ್ಪಿದೆ. ಅನುಲೇಪಕ ಅನ್ನುವ ಪದವನ್ನು ಕಟ್ಟಿದವರು ಅದನ್ನು ಒಂದು ಮಗುವಿನ ಬಾಯಲ್ಲಿ ಹೇಳಿಸಿ ನೋಡಿದ ಹಾಗೆ ಕಾಣುವುದಿಲ್ಲ, ಅದನ್ನೂ ಒಪ್ಪಿದೆ. ಆದರೆ ಇಂಗ್ಲಿಷಿನಲ್ಲಿ ಅದಕ್ಕೆ ಏನನ್ನುತ್ತಾರೆ ಗೊತ್ತಾ? ಎಪಿಥೀಲಿಯಲ್ ಟಿಶ್ಯೂ. ಈಗ ಹೇಳಿ, ಯಾವುದು ಸುಲಭ? ಎಪಿಥೀಲಿಯಂ ಗ್ರೀಕಿನಿಂದ ಕಟ್ಟಿದ ಪದ. ಲಂಡನ್ನಿನ ಮಗುವೂ ಅದನ್ನು ಉರುವೇ ಹೊಡೆಯಬೇಕು.

ಇನ್ನು ಟಿಶ್ಯೂ, ಅಂದರೆ ನಿಮ್ಮ ಮಗನ ಅಂಗಾಂಶ. ಇದರ ಕತೆ ನನಗೆ ಬಹಳ ಇಷ್ಟ, ಸಿಕ್ಕಿದವರಿಗೆಲ್ಲ ಹೇಳುತ್ತೇನೆ, ಮನೆಯಲ್ಲಿ ಹೇಳಿ ಹೇಳಿ ಈಗ ಯಾರೂ ಕೇಳುವುದಿಲ್ಲ. ಫ್ರಾನ್ಸಿನಲ್ಲಿ ಬಿಶಾ ಅಂತ ಒಬ್ಬ ಡಾಕ್ಟರ್ ಇದ್ದ. 1802ರಲ್ಲಿ, ಬರೀ 30 ವರ್ಷಕ್ಕೇ ತೀರಿಹೋದ. ಮೈಕ್ರೋಸ್ಕೋಪನ್ನು ಅವನು ನಂಬುತ್ತಿರಲಿಲ್ಲ. ಹೆಣಗಳನ್ನು ಕೊಯ್ದು, ಆ ತುಂಡುಗಳನ್ನು ಕುದಿಸಿ, ಒಣಗಿಸಿ, ಆಸಿಡ್ಡಿನಲ್ಲಿ ಹಾಕಿ ನೋಡಿದ. ಹೃದಯ, ಹೊಟ್ಟೆ, ಶ್ವಾಸಕೋಶ ಬೇರೆ ಬೇರೆ ಅಂಗಗಳಾದರೂ ಒಂದೇ ಥರದ ಪದರಗಳು ಮತ್ತೆ ಮತ್ತೆ ಸಿಗುತ್ತವಲ್ಲ ಅನ್ನಿಸಿತು. ಬರಿಗಣ್ಣಿನಲ್ಲೇ 21 ಬಗೆ ಎಣಿಸಿದ. ಅವುಗಳಿಗೆ ಅವನು ಬಳಸಿದ ಪದ ‘ಟಿಸ್ಸು’. ಫ್ರೆಂಚಿನಲ್ಲಿ ಹಾಗೆಂದರೆ ನೇಯ್ದ ಬಟ್ಟೆ. ಅಷ್ಟೇ! ಇದನ್ನು ಓದುವ ಶಾಸ್ತ್ರಕ್ಕೆ ಹಿಸ್ಟಾಲಜಿ ಅನ್ನುತ್ತಾರೆ, ಅದರಲ್ಲಿರುವ ಗ್ರೀಕಿನ ‘ಹಿಸ್ಟೋಸ್’ ಅಂದರೆ ಮಗ್ಗ.

ಮಗ್ಗ ಅಮ್ಮಾ, ಮಗ್ಗ. ಕಾಸರಗೋಡು ಸೀರೆಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿರುವ ಊರು ನಮ್ಮದು. ಹಾಸು ಹೊಕ್ಕು ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಅಥವಾ ಹೇಳಿಕೊಟ್ಟರೆ ಐದು ನಿಮಿಷ ಸಾಕು. ಒಂದು ನೂಲು ಕೋಶ, ನೂಲೆಲ್ಲ ಸೇರಿದರೆ ನೇಯ್ಗೆ, ಈಗಿನ ಪುಸ್ತಕ ಎಣಿಸುವ ನಾಲ್ಕು ಥರದ ನೇಯ್ಗೆ ಸೇರಿಸಿ ಹೊಲಿದರೆ ಹೊಟ್ಟೆಯೋ ಹೃದಯವೋ ಒಂದು ಅಂಗ. ಮೈ ಹೊದಿಸುವ ನೇಯ್ಗೆ, ಹಿಡಿದು ಜೋಡಿಸುವ ನೇಯ್ಗೆ, ಎಳೆದು ಬಿಡುವ ನೇಯ್ಗೆ, ಸುದ್ದಿ ಒಯ್ಯುವ ನೇಯ್ಗೆ. ಅನುಲೇಪಕ, ಸಂಯೋಜಕ, ಸ್ನಾಯು, ನರ ಅಂದರೆ ಇಷ್ಟೇ. ಇಷ್ಟು ಚೆಂದದ ಮಾತು ಕೈಯಲ್ಲೇ ಇರುವಾಗ ಅಂಗಾಂಶ ಅಂತ ಒಂದು ಕಲ್ಲು ಕೊಟ್ಟಿದ್ದೇವೆ. ಅಂಗದ ಅಂಶ! ಹಾಗಂದರೆ ಬೆರಳೂ ಆಗಬಹುದು, ಉಗುರೂ ಆಗಬಹುದು.

ಕೋಶದ ಕತೆಯೂ ಹಾಗೆಯೇ. 1665ರಲ್ಲಿ ರಾಬರ್ಟ್ ಹುಕ್ ಬಾಟಲಿ ಬಿರಡೆಯ ತೆಳು ಚೂರನ್ನು ಲೆನ್ಸಿನಲ್ಲಿ ನೋಡಿ, ಗೂಡು ಗೂಡಾಗಿ ಕಂಡದ್ದಕ್ಕೆ ಸೆಲ್ ಅಂದ, ಅಂದರೆ ಸಣ್ಣ ಕೋಣೆ. ಪಾಪ, ಅವನಿಗೆ ಕಂಡದ್ದು ಖಾಲಿ ಕೋಣೆ, ಒಳಗಿದ್ದವರು ಸತ್ತು ಎಷ್ಟೋ ಕಾಲವಾಗಿತ್ತು. ನಮ್ಮಲ್ಲಿ ಕೋಶ ಅಂದರೆ ಖಜಾನೆ. ಸಂಘದ ಕೋಶಾಧಿಕಾರಿ ಗೊತ್ತಿರುವ ಮಗುವಿಗೆ ಜೀವಕೋಶ ಅಂದರೆ ಜೀವ ಕೂಡಿಟ್ಟ ಪೆಟ್ಟಿಗೆ ಅಂತ ಹೇಳಿದರೆ ಹೊಳೆಯದೇ? ಹುಕ್ಕನ ಪದಕ್ಕಿಂತ ನಮ್ಮದೇ ವಾಸಿ.

ಸಮಸ್ಯೆ ಕನ್ನಡದ್ದಲ್ಲ. ನಿಮ್ಮ ಮಗನಿಗೆ ಯಾರೂ ಏನನ್ನೂ ತೋರಿಸಿಲ್ಲ. ನೀವೂ ಸೇರಿ, ಕ್ಷಮಿಸಿ.

ನಿಮ್ಮ ತೋಟದಲ್ಲಿ ಬೊಂಡ, ಅದೇ ಎಳನೀರು, ಇದೆ ಅಲ್ವಾ? ಒಂದು ಕೆತ್ತಿ. ಕತ್ತಿಗೆ ಸಿಗುವ ನಾರು ಇದೆಯಲ್ಲ, ಅದೂ ಕೋಶಗಳೇ. ಗೋಡೆಗೆ ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ಮೆತ್ತಿಕೊಂಡು ಗಟ್ಟಿಯಾದ ಉದ್ದ ಕೋಶಗಳು. ಸತ್ತ ಮೇಲೆಯೇ ಅವುಗಳ ಕೆಲಸ ಶುರು. ನೀವು ಬಾವಿಯಿಂದ ನೀರು ಸೇದುವ ಹುರಿಹಗ್ಗದಲ್ಲಿ ಇರುವುದು ಅವೇ. ಒಳಗಿನ ನೀರನ್ನು ಲೋಟಕ್ಕೆ ಸುರಿಯಿರಿ. ಅದು ಬರೀ ನೀರಲ್ಲ. ಕೋಶಕೇಂದ್ರಗಳು, ಅಂದರೆ ಕೋಶವನ್ನು ನಡೆಸುವ ತಿರುಳುಗಳು, ಸಾವಿರಗಟ್ಟಲೆ ಅದರಲ್ಲಿ ತೇಲುತ್ತಿರುತ್ತವೆ, ಗೋಡೆಯಿಲ್ಲದೆ, ಬೇಲಿಯಿಲ್ಲದೆ. ಕಾಯಿ ಬಲಿಯುತ್ತಾ ಬಂದ ಹಾಗೆ ಗೆರಟೆಯ ಕಡೆಯಿಂದ ಗೋಡೆ ಏಳುತ್ತಾ ಬರುತ್ತದೆ, ಒಂದೊಂದು ಕೇಂದ್ರಕ್ಕೆ ಒಂದೊಂದು ಕೋಣೆ. ಮೊದಲು ನೀವು ಚಮಚದಲ್ಲಿ ಕೆರೆದು ತಿನ್ನುವ ಲೋಳೆಯಂಥದ್ದು, ಆಮೇಲೆ ಚಟ್ನಿಗೆ ತುರಿಯುವ ಬಿಳಿ ಕಾಯಿ. ಅಂದರೆ ಕೋಶ ಆಗುವ ಮೊದಲು ಏನಿತ್ತು, ಆದ ಮೇಲೆ ಏನಾಯಿತು, ಎರಡೂ ಒಂದೇ ಬೊಂಡದಲ್ಲಿ! ಇದನ್ನು ಒಬ್ಬ ಹುಡುಗನಿಗೆ ತೋರಿಸುವುದಕ್ಕೆ ಯಾವ ಮೀಡಿಯಂ ಬೇಕು? 1941ರಲ್ಲಿ ಅಮೆರಿಕದವರು ಉಮ್ಮತ್ತದ ಎಳೆ ಭ್ರೂಣಗಳನ್ನು ಗಾಜಿನಲ್ಲಿ ಬೆಳೆಸಲು ಹೊರಟು ಸೋತು, ಕೊನೆಗೆ ಈ ನೀರನ್ನು ಹಾಕಿ ಗೆದ್ದರು. ನಮ್ಮ ಕೂಡ್ಲಿನಲ್ಲೇ ಸಿಪಿಸಿಆರ್‌ಐ ಇದೆ, ತೆಂಗಿನ ಸಂಶೋಧನೆ 1916ರಿಂದ ನಡೆದ ಜಾಗ. ಅದರ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗುವ ಎಷ್ಟು ಮಕ್ಕಳಿಗೆ ಒಳಗೆ ಏನು ಮಾಡುತ್ತಾರೆ ಅಂತ ಗೊತ್ತು?

ನನ್ನದನ್ನೂ ಹೇಳಿಬಿಡುತ್ತೇನೆ. ನಮ್ಮ ಶಾಲೆಯಲ್ಲಿ ಒಂದು ಮೈಕ್ರೋಸ್ಕೋಪ್ ಇತ್ತು, ಹಳದಿ ಟವೆಲ್ಲಿನಲ್ಲಿ ಸುತ್ತಿ ಕಪಾಟಿನಲ್ಲಿ. ಬೀಗದ ಕೈ ಗುಮಾಸ್ತರ ಹತ್ತಿರ. ಇನ್ಸ್‌ಪೆಕ್ಟರ್ ಬಂದ ದಿನ ಹೊರಗೆ ಬರುತ್ತಿತ್ತು, ಸಂಜೆ ಒಳಗೆ ಹೋಗುತ್ತಿತ್ತು. ನಮ್ಮ ಮಳೆಗಾಲ ಗೊತ್ತಲ್ಲ, ಲೆನ್ಸಿಗೆ ಬೂಸ್ಟು ಹಿಡಿದಿತ್ತು. ಒಂದು ದಿನ ವಿಜ್ಞಾನದ ಮಾಷ್ಟ್ರು ಏನನ್ನಿಸಿತೋ, ಗುಮಾಸ್ತರ ಜೊತೆ ಜಗಳ ಮಾಡಿ ತಂದರು. ಪಂಚೆಯ ತುದಿಯಲ್ಲಿ ಲೆನ್ಸು ಒರೆಸಿದರು. ಈರುಳ್ಳಿಯ ಒಳಪದರದಿಂದ ಚಿಮಟದಲ್ಲಿ ಒಂದು ತೆಳು ಸಿಪ್ಪೆ ಎಳೆದು, ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ತೊಟ್ಟು ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಸರದಿ ಬಂತು. ಮೊದಲು ಕಂಡದ್ದು ನನ್ನದೇ ರೆಪ್ಪೆ. ಆಮೇಲೆ, ಮುರಕಲ್ಲಿನ ಗೋಡೆ! ಸಾಲು ಸಾಲು ಉದ್ದ ಕಲ್ಲು, ನಡುವೆ ಗೆರೆ, ಒಂದೊಂದು ಕಲ್ಲಿನೊಳಗೆ ಒಂದೊಂದು ಕಂದು ಚುಕ್ಕೆ. ಮಾಷ್ಟ್ರು ಏನೂ ಹೇಳಲಿಲ್ಲ. ನಾವೆಲ್ಲ ನೋಡಿ ಆದ ಮೇಲೆ, “ಆ ಚುಕ್ಕೆಗೆ ಕೋಶಕೇಂದ್ರ ಅನ್ನುತ್ತಾರೆ” ಅಂದರು. ಆ ಪದವನ್ನು ನಾನು ಉರು ಹೊಡೆದದ್ದೇ ಇಲ್ಲ.

ಈಗ ಏನಾಗುತ್ತಿದೆ ಅಂದರೆ, ಮಾಷ್ಟ್ರಿಗೇ ಕನ್ನಡ ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಮೀಡಿಯಂ ಶಾಲೆಗೆ ಕನ್ನಡ ಗೊತ್ತಿಲ್ಲದ ಮಲಯಾಳಿ ಮಾಷ್ಟ್ರನ್ನು ಹಾಕಿದ್ದರು. ಒಳ್ಳೆಯ ಮನುಷ್ಯ, ಅವರ ತಪ್ಪೇನೂ ಇಲ್ಲ. ಮಲಯಾಳದಲ್ಲಿ ಅಂಗಾಂಶಕ್ಕೆ ‘ಕಲ’ ಅನ್ನುತ್ತಾರೆ, ಅನುಲೇಪಕಕ್ಕೆ ‘ಆವರಣ ಕಲ’. ಅವರು ಹಾಗೆಯೇ ಪಾಠ ಮಾಡಿದರು. ನಮ್ಮ ಮಕ್ಕಳಿಗೆ ಕಲೆ ಅಂದರೆ ಅಂಗಿಗೆ ಹತ್ತಿದ ಅಡಿಕೆ ಚೊಗರು, ಆವರಣ ಅಂದರೆ ಶಾಲೆಯ ಕಾಂಪೌಂಡು. ಒಬ್ಬ ಹುಡುಗ ನೋಟ್ಸಿನಲ್ಲಿ ‘ಆವರಣದ ಕಲೆ’ ಅಂತ ಬರೆದುಕೊಂಡಿದ್ದ. ಆ ಪುಟವನ್ನು ನಾನೇ ನೋಡಿದ್ದೇನೆ. ನಗು ಬಂತು, ಮತ್ತೆ ನಗು ಹೋಯಿತು. ಮಲಯಾಳದ ಬಗ್ಗೆ ನನಗೆ ತಕರಾರಿಲ್ಲ, ನಿಜ ಹೇಳಬೇಕೆಂದರೆ ಅವರ ಆವರಣ ನಮ್ಮ ಅನುಲೇಪಕಕ್ಕಿಂತ ಹಗುರ. ಆದರೆ ಎರಡು ಭಾಷೆಯ ಸಂದಿನಲ್ಲಿ ಸಿಕ್ಕಿಬಿದ್ದ ಮಗು ಯಾರನ್ನು ಕೇಳಬೇಕು?

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಲು ಪ್ರಯತ್ನಿಸಬೇಕು ಅಂತ. ಪ್ರಯತ್ನಿಸಬೇಕು! ಇಷ್ಟು ವರ್ಷದಿಂದ ಪ್ರಯತ್ನಿಸುತ್ತಲೇ ಇದ್ದಾರೆ. ನಮ್ಮವರೇನು ಕಡಿಮೆಯಾ? ನವೆಂಬರ್ ಬಂದರೆ ಗೋವಿಂದ ಪೈಗಳ ಹೆಸರು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ, ಶಾಲು ಹೊದಿಸುತ್ತಾರೆ, ಊಟ ಮಾಡಿ ಹೋಗುತ್ತಾರೆ. ಒಂದು ಶಾಲೆಗೆ ಒಂದು ಡಜನ್ ಗಾಜಿನ ಸ್ಲೈಡ್ ಕೊಟ್ಟವರನ್ನು ನಾನು ಕಂಡಿಲ್ಲ. 1918ರಲ್ಲೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಸೇರಿ ‘ವಿಜ್ಞಾನ’ ಅಂತಲೇ ಕನ್ನಡ ಮಾಸಪತ್ರಿಕೆ ತಂದರು. ಜಾಸ್ತಿ ದಿನ ಬಾಳಲಿಲ್ಲ. ಪತ್ರಿಕೆ ನಡೆಸುವವನಾಗಿ ಅದು ಯಾಕೆ ನಿಂತಿರಬಹುದು ಅಂತ ನಾನು ಊಹಿಸಬಲ್ಲೆ. ಅಂದ ಹಾಗೆ ಅಮ್ಮಾ, ನಿಮ್ಮ ಚಂದಾ ಮಾರ್ಚಿಗೇ ಮುಗಿದಿದೆ.

ಮೀಡಿಯಂ ಬದಲಿಸುವುದು ನಿಮ್ಮ ಮನೆಯ ವಿಚಾರ. ನಾನು ಬೇಡ ಅಂದರೂ ನೀವು ಮಾಡುವುದನ್ನೇ ಮಾಡುತ್ತೀರಿ. ಅದಕ್ಕೆ ಮೊದಲು ಒಂದು ಭಾನುವಾರ ಹುಡುಗನನ್ನು ನಮ್ಮ ಆಫೀಸಿಗೆ ಕರೆದುಕೊಂಡು ಬನ್ನಿ. ಹಳೆಯದೊಂದು ಮೈಕ್ರೋಸ್ಕೋಪ್ ಕೊಂಡಿಟ್ಟಿದ್ದೇನೆ, ಕನ್ನಡಿ ಸ್ವಲ್ಪ ಅಲ್ಲಾಡುತ್ತದೆ, ಬೂಸ್ಟು ಇಲ್ಲ. ಹತ್ತು ಗಂಟೆಯ ಬೆಳಕಿಗೆ ನಮ್ಮ ಮೂಡು ಕಿಟಕಿ ಚೆನ್ನಾಗಿರುತ್ತದೆ. ಈರುಳ್ಳಿ ಮಾತ್ರ ನೀವೇ ತನ್ನಿ.